ರೋಬೋಟ್ ಪ್ರಾಸ್ಟೇಟ್ ಆಪರೇಷನ್: “ಶೇ. 95 ಜನರಿಗೆ ಮೂತ್ರ ಹಿಡಿತ” ಅಂದರೆ ಏನನ್ನು ಅಳೆದದ್ದು?

ಪ್ರಶ್ನೆ — ಅಂಕಿಅಂಶ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ಓದಿದರೆ ಲೆಕ್ಕ ತಾಳೆಯಾಗುತ್ತಿಲ್ಲ. ಒಂದು ಕಡೆ ಮೂತ್ರ ಹಿಡಿತ ಶೇ. 95 ಅಂತಿದೆ, ಇನ್ನೊಂದು ಕಡೆ ವರ್ಷ ಕಳೆದರೂ ಐವರಲ್ಲಿ ಒಬ್ಬರಿಗೆ ಸೋರಿಕೆ ಅಂತಿದೆ. ನಿಮಿರುವಿಕೆಯ ಅಂಕಿಗಳಂತೂ ಇನ್ನೂ ದೂರ ದೂರ.

ಚರ್ಚೆಗೆ ಅನುಕೂಲವಾಗಲಿ ಅಂತ ಒಂದು ಮಾದರಿ ಕೇಸು: ವಯಸ್ಸು 63, ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಪ್ರೋಟೀನ್, ಅಳತೆ ನ್ಯಾ.ಗ್ರಾಂ./ಮಿ.ಲೀ.) 8.2, ಎಂಆರ್‌ಐನಲ್ಲಿ ಬಲಗಡೆ ಹಿಂಭಾಗದಲ್ಲಿ ಪಿರಾಡ್ಸ್ (ಕ್ಯಾನ್ಸರ್ ಅನುಮಾನದ 1ರಿಂದ 5ರ ಅಂಕ) 4 ಗಡ್ಡೆ, ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್‌ನ ಉಗ್ರತೆಯ ಅಂಕ) 3+4 (ಗ್ರೇಡ್ ಗ್ರೂಪ್ 2), ಪ್ರಾಸ್ಟೇಟ್‌ನಿಂದ ಹೊರಗೆ ಹರಡಿದ ಗುರುತಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಈಗ ನಿಮಿರುವಿಕೆ ಸಾಧಾರಣ ಚೆನ್ನಾಗಿದೆ.

ಮೂರು ಪ್ರಶ್ನೆ. ಹೊಟ್ಟೆ ಕೊಯ್ದು ಮಾಡುವ ಓಪನ್ ಆಪರೇಷನ್‌ಗಿಂತ ರೋಬೋಟ್‌ನಿಂದ ನಿಜವಾಗಿ ಏನು ಬದಲಾಗುತ್ತದೆ? ಇಂಥವರಿಗೆ ಸೋರಿಕೆ ಮತ್ತು ನಿಮಿರುವಿಕೆಯ ವಿಷಯದಲ್ಲಿ ಯಾವ ನಿರೀಕ್ಷೆ ಇಟ್ಟುಕೊಳ್ಳಬೇಕು? ಆಮೇಲೆ ಪಿಎಸ್‌ಎಯನ್ನು ಯಾವಾಗ ನೋಡಬೇಕು, ಎಷ್ಟಕ್ಕೆ ಗಾಬರಿಯಾಗಬೇಕು?

---

ಕನ್ಸೋಲ್‌ಬದಿ

ಅಂಕಿ ತಾಳೆಯಾಗದಿರಲು ಮುಖ್ಯ ಕಾರಣ ಅಳತೆಗೋಲು. ಒಂದು ತಂಡಕ್ಕೆ “ಹಿಡಿತ” ಅಂದರೆ ಪ್ಯಾಡೇ ಬೇಡ. ಇನ್ನೊಂದಕ್ಕೆ ದಿನಕ್ಕೆ ಒಂದು “ಧೈರ್ಯಕ್ಕೆ ಇಟ್ಟುಕೊಂಡ” ಪ್ಯಾಡ್ ಇದ್ದರೂ ಹಿಡಿತವೇ. ಈ ಒಂದು ಪ್ಯಾಡಿನ ಅಂತರದಲ್ಲೇ ಶೇಕಡಾವಾರು ಎಷ್ಟೋ ಜಿಗಿಯುತ್ತದೆ. ಜೊತೆಗೆ ಉತ್ತರ ಬರೆದುಕೊಂಡವರು ಯಾರು ಅಂತ ನೋಡಿ. ಆಪರೇಷನ್ ಮಾಡಿದ ಸರ್ಜನ್ ಎದುರಿಗೆ ಕೂತು “ಹೇಗಿದ್ದೀರಿ?” ಅಂತ ಕೇಳಿದರೆ ಬಹಳ ಮಂದಿ “ಪರವಾಗಿಲ್ಲ ಸರ್” ಅಂತಾರೆ. ಅದೇ ಮನುಷ್ಯ ಮೂತ್ರ, ಲೈಂಗಿಕ ತೊಂದರೆಗಳನ್ನೆಲ್ಲ ಕೇಳುವ ಎಪಿಕ್-26 ಪ್ರಶ್ನಾವಳಿಯನ್ನು ಮನೆಯಲ್ಲಿ ತುಂಬಿದರೆ ಬೇರೆಯೇ ಚಿತ್ರ ಬರುತ್ತದೆ. ಫಾಲೋಅಪ್‌ಗೆ ಬಾರದವರನ್ನು ಲೆಕ್ಕದಿಂದ ಬಿಟ್ಟರೋ ಇಲ್ಲವೋ ಅನ್ನುವುದು ಮೂರನೆಯ ಸಂಗತಿ.

ಇನ್ನು ರೋಬೋಟ್ ವಿರುದ್ಧ ಓಪನ್. ಇಲ್ಲಿ ಅತಿ ಹೆಚ್ಚು ಉಲ್ಲೇಖವಾಗುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಯಾದೃಚ್ಛಿಕ ಪ್ರಯೋಗ. 326 ಗಂಡಸರು, ಅರ್ಧದಷ್ಟು ಓಪನ್, ಅರ್ಧದಷ್ಟು ರೋಬೋಟ್. ಮೊದಲ ವರದಿ 2016ರಲ್ಲಿ, ಎರಡು ವರ್ಷದ ಫಲಿತಾಂಶ 2018ರಲ್ಲಿ ಬಂತು. 12 ವಾರಕ್ಕಾಗಲಿ 24 ತಿಂಗಳಿಗಾಗಲಿ ಮೂತ್ರ ಹಿಡಿತದಲ್ಲೂ ಲೈಂಗಿಕ ಕ್ರಿಯೆಯಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರಕ್ತಸ್ರಾವದಲ್ಲಿ ಮಾತ್ರ ಭಾರಿ ಅಂತರ: ಓಪನ್‌ನಲ್ಲಿ ಸರಾಸರಿ ಸುಮಾರು 1,340 ಮಿ.ಲೀ., ರೋಬೋಟ್‌ನಲ್ಲಿ 440ರ ಆಸುಪಾಸು. ಆಸ್ಪತ್ರೆ ವಾಸ 3.3 ದಿನದಿಂದ 1.6 ದಿನಕ್ಕೆ ಇಳಿಯಿತು.

ರಕ್ತ ಕಡಿಮೆ ಹೋಗಲು ಕಾರಣ ಯಂತ್ರದ ಕೈಚಳಕಕ್ಕಿಂತ ಹೊಟ್ಟೆಗೆ ತುಂಬುವ ಗ್ಯಾಸ್. 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುವಾಗ ಪ್ರಾಸ್ಟೇಟ್ ಮುಂದಿರುವ ಅಭಿಧಮನಿಗಳ ಗೊಂಚಲಿನ ಸೋರಿಕೆ ತಾನಾಗಿ ಅದುಮಿಕೊಂಡಿರುತ್ತದೆ. ಓಪನ್‌ನಲ್ಲಿ ಅತಿ ಹೆಚ್ಚು ರಕ್ತ ಹೋಗುವ ಜಾಗವೇ ಅದು. ಕೊನೆಗೆ ಒತ್ತಡ ಇಳಿಸಿ ಒಮ್ಮೆ ನೋಡಬೇಕಾದ್ದೂ ಅದಕ್ಕೇ, ಇಲ್ಲದಿದ್ದರೆ ಅಡಗಿದ್ದ ರಕ್ತಸ್ರಾವ ವಾರ್ಡಿಗೆ ಹೋದ ಮೇಲೆ ಮುಖ ತೋರಿಸುತ್ತದೆ.

ಎರಡನೆಯ ಲಾಭ ಹೊಲಿಗೆಯದು. ಪ್ರಾಸ್ಟೇಟ್ ತೆಗೆದ ಮೇಲೆ ಮೂತ್ರಕೋಶದ ಕತ್ತನ್ನು ಕೆಳಗಿನ ಮೂತ್ರನಾಳಕ್ಕೆ ಸುತ್ತಲೂ ಹೊಲಿಯಬೇಕು. ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತಾ ಮಣಿಕಟ್ಟಿನಂತೆ ತಿರುಗುವ ಉಪಕರಣದಲ್ಲಿ ಒಳಪೊರೆಗೆ ಒಳಪೊರೆ ಸರಿಯಾಗಿ ಕೂರುವಂತೆ ನಿರಂತರ ಹೊಲಿಗೆ ಹಾಕಬಹುದು. ಹಾಗಾಗಿ ಆ ಜಾಗ ಮುಂದೆ ಗಾಯದ ಕಲೆಯಿಂದ ಕಿರಿದಾಗುವ ತೊಂದರೆ ಓಪನ್‌ಗಿಂತ ಕಡಿಮೆ.

ಸ್ವೀಡನ್‌ನ ಲ್ಯಾಪ್ರೋ ಅಧ್ಯಯನ ಯಾದೃಚ್ಛಿಕವಲ್ಲ, ಆದರೆ 14 ಆಸ್ಪತ್ರೆಗಳದ್ದು, ಹಾಗಾಗಿ ದಿನನಿತ್ಯದ ವಾಸ್ತವಕ್ಕೆ ಹತ್ತಿರ. 12 ತಿಂಗಳಿಗೆ ಸೋರಿಕೆ ರೋಬೋಟ್‌ನಲ್ಲಿ ಶೇ. 21, ಓಪನ್‌ನಲ್ಲಿ ಶೇ. 20. ನಿಮಿರು ದೌರ್ಬಲ್ಯ ರೋಬೋಟ್‌ನಲ್ಲಿ ಶೇ. 70, ಓಪನ್‌ನಲ್ಲಿ ಶೇ. 75. ನಿಮ್ಮ “ಐವರಲ್ಲಿ ಒಬ್ಬರು” ಇಲ್ಲಿಂದ ಬಂದಿರಬಹುದು. ಜರ್ಮನಿಯ ಲ್ಯಾಪ್-01ರಲ್ಲಿ ರೋಬೋಟನ್ನು ಹೋಲಿಸಿದ್ದು ಸಾಮಾನ್ಯ ಲ್ಯಾಪ್ರೋಸ್ಕೋಪಿಗೆ. ಮೂರು ತಿಂಗಳ ಹಿಡಿತ ರೋಬೋಟ್‌ನಲ್ಲಿ ಶೇ. 54, ಲ್ಯಾಪ್ರೋಸ್ಕೋಪಿಯಲ್ಲಿ ಶೇ. 46. ಬೇಗ ಒಣಗುತ್ತಾರೆ, ಅಷ್ಟರ ಮಟ್ಟಿಗೆ ಲಾಭ.

ಬ್ರಿಸ್ಬೇನ್ ಪ್ರಯೋಗದ ಇನ್ನೊಂದು ವಿವರವನ್ನು ಜನ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಓಪನ್ ಮಾಡಿದ ಸರ್ಜನ್‌ಗೆ 1,500ಕ್ಕೂ ಹೆಚ್ಚು ಆಪರೇಷನ್‌ಗಳ ಅನುಭವವಿತ್ತು, ರೋಬೋಟ್ ಮಾಡಿದವರಿಗೆ ಸುಮಾರು 200. ಅಷ್ಟಾದರೂ ಸರಿಸಮ ಬಂತು ಅಂತ ಒಬ್ಬರು ವಾದಿಸಬಹುದು, ಪಳಗಿದ ಕೈ ಇದ್ದರೆ ಯಂತ್ರ ಬೇಕಿಲ್ಲ ಅಂತ ಇನ್ನೊಬ್ಬರು. ಓಪನ್ ಆಪರೇಷನ್‌ಗಳ 2007ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, 10 ಆಪರೇಷನ್ ಮಾಡಿದ್ದ ಸರ್ಜನ್‌ಗಳ ರೋಗಿಗಳಲ್ಲಿ ಐದು ವರ್ಷದೊಳಗೆ ಪಿಎಸ್‌ಎ ಮರಳುವ ಸಂಭವ ಶೇ. 17.9 ಇದ್ದದ್ದು 250 ಮಾಡಿದವರ ಕೈಯಲ್ಲಿ ಶೇ. 10.7ಕ್ಕೆ ಇಳಿದಿತ್ತು. ರೋಬೋಟ್ ಇದನ್ನು ಅಳಿಸಿಹಾಕುವುದಿಲ್ಲ. ಯಂತ್ರ ತಾನಾಗಿ ಏನನ್ನೂ ಕತ್ತರಿಸದು, ಕನ್ಸೋಲ್‌ನಲ್ಲಿ (ಯಂತ್ರ ನಡೆಸುವ ಮೇಜಿನಲ್ಲಿ) ಕೂತವರ ನಿರ್ಧಾರವೇ ಎಲ್ಲ. ಯಂತ್ರದ ಮಾಡೆಲ್ ಹೊಸದೋ ಹಳೆಯದೋ ಎಂದು ಕೇಳುವವರು ಬಹಳ, ಸರ್ಜನ್ ಒಟ್ಟು ಎಷ್ಟು ಮಾಡಿದ್ದಾರೆ, ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಕೇಳುವವರು ಕಡಿಮೆ.

---

ಫಿಸಿಯೋ_ಕೋಣೆ

ಸೋರಿಕೆಯ ಭಾಗ ನಾನು ತೆಗೆದುಕೊಳ್ಳುತ್ತೇನೆ.

ಗಂಡಸಿಗೆ ಮೂತ್ರ ತಡೆಯಲು ಎರಡು ಬಿಗಿಪಟ್ಟಿಗಳಿರುತ್ತವೆ. ಮೂತ್ರಕೋಶದ ಕತ್ತಿನಲ್ಲಿರುವುದು ನಮ್ಮ ಅರಿವಿಲ್ಲದೆ ಕೆಲಸ ಮಾಡುತ್ತದೆ. ಪ್ರಾಸ್ಟೇಟ್‌ನ ಕೆಳಗಿರುವುದನ್ನು ನಾವೇ ಬಿಗಿಹಿಡಿಯಬಹುದು. ಆಪರೇಷನ್‌ನಲ್ಲಿ ಮೊದಲನೆಯದು ಬಹುಮಟ್ಟಿಗೆ ಹೋಗುತ್ತದೆ, ಆಮೇಲೆ ಇಡೀ ಭಾರ ಎರಡನೆಯದರ ಮೇಲೆ. ಅದಕ್ಕೇ ಎಂಆರ್‌ಐಯಲ್ಲಿ ಪ್ರಾಸ್ಟೇಟ್‌ನ ತುದಿಯಿಂದ ಕೆಳಗೆ ಪೊರೆಭಾಗದ ಮೂತ್ರನಾಳ ಎಷ್ಟು ಮಿ.ಮೀ. ಉದ್ದವಿದೆ ಅಂತ ಅಳೆಸಿ. ಅದು ಉದ್ದವಿದ್ದಷ್ಟೂ ಬೇಗ ಹಿಡಿತ ಬರುತ್ತದೆ. ರಿಪೋರ್ಟಿನಲ್ಲಿ ಬರೆದಿರುವುದಿಲ್ಲ, ಕೇಳಿದರೆ ರೇಡಿಯಾಲಜಿಸ್ಟ್ ಎರಡು ನಿಮಿಷದಲ್ಲಿ ಅಳೆದುಕೊಡುತ್ತಾರೆ. ವಯಸ್ಸು, ಬೊಜ್ಜು, ಹಿಂದೆ ಪ್ರಾಸ್ಟೇಟ್ ಕೆರೆದು ತೆಗೆಸಿದ್ದು, ಇವೆಲ್ಲ ಹಿಡಿತವನ್ನು ತಡಮಾಡುತ್ತವೆ.

ವ್ಯಾಯಾಮ ಕ್ಯಾಥೆಟರ್ ತೆಗೆದ ಮೇಲೆ ಕಲಿಯುವಂಥದ್ದಲ್ಲ. ಆಪರೇಷನ್‌ಗೆ ನಾಲ್ಕು ವಾರ ಮೊದಲೇ ಸ್ನಾಯುವನ್ನು ಗುರುತಿಸಿಕೊಂಡಿರಬೇಕು. ಗಾಳಿ ತಡೆಯುವುದನ್ನು ಯೋಚಿಸಬೇಡಿ, ಅದು ಹಿಂದಿನ ಸ್ನಾಯುವನ್ನು ಬಿಗಿಮಾಡುತ್ತದೆ. ಶಿಶ್ನವನ್ನು ಒಳಕ್ಕೆ ಎಳೆದುಕೊಂಡು ಬೀಜವನ್ನು ಮೇಲೆತ್ತಿದಂತೆ ಮಾಡಿ. ಕನ್ನಡಿ ಎದುರು ನಿಂತರೆ ಶಿಶ್ನದ ಬುಡ ಸ್ವಲ್ಪ ಒಳಗೆ ಸರಿಯುವುದು ಕಾಣಬೇಕು. ಪೃಷ್ಠ ಬಿಗಿಯಾದರೆ, ಉಸಿರು ಕಟ್ಟಿದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ ಅಂತ ಅರ್ಥ. 10 ಸೆಕೆಂಡಿನವರೆಗೆ ಹಿಡಿತ, ಅಷ್ಟೇ ವಿಶ್ರಾಂತಿ, ಹೀಗೆ 10 ಸಲ. ಆಮೇಲೆ 10 ಚುಟುಕು ಎಳೆತ. ದಿನಕ್ಕೆ ಮೂರು ಸುತ್ತು, ಮಲಗಿ, ಕೂತು, ನಿಂತು ಒಂದೊಂದು. ಕ್ಯಾಥೆಟರ್ ಇರುವಷ್ಟು ದಿನ ನಿಲ್ಲಿಸಿ, ತೆಗೆದ ದಿನದಿಂದ ಮತ್ತೆ ಶುರು. ಮೂತ್ರ ಮಾಡುತ್ತಲೇ ಮಧ್ಯೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಫಲ ಕೊಡುವುದು ಏಳುವ, ಕೆಮ್ಮುವ, ಭಾರ ಎತ್ತುವ ಅರೆಕ್ಷಣ ಮೊದಲು ಬಿಗಿಹಿಡಿಯುವ ಅಭ್ಯಾಸ. ನೂರು ಸಲ ಕೂತಲ್ಲೇ ಹಿಂಡಿ, ಕುರ್ಚಿಯಿಂದ ಏಳುವಾಗ ಮರೆತರೆ ಪ್ಯಾಂಟ್ ಒದ್ದೆಯೇ.

ಪ್ರಗತಿಯನ್ನು ಪ್ಯಾಡ್ ಎಣಿಸಿ ಅಳೆಯಬೇಡಿ, ತೂಗಿ ಅಳೆಯಿರಿ. ಒಬ್ಬರು ಒದ್ದೆಯಾದ ತಕ್ಷಣ ಬದಲಿಸುತ್ತಾರೆ, ಇನ್ನೊಬ್ಬರು ತುಂಬುವ ತನಕ ಇಟ್ಟುಕೊಳ್ಳುತ್ತಾರೆ. 24 ಗಂಟೆಯ ಪ್ಯಾಡ್‌ಗಳನ್ನೆಲ್ಲ ಒಂದು ಮುಚ್ಚಿದ ಚೀಲದಲ್ಲಿ ಹಾಕಿ ತೂಗಿ, ಒಣ ಪ್ಯಾಡ್‌ಗಳ ತೂಕ ಕಳೆಯಿರಿ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿ.ಲೀ. ವಾರಕ್ಕೊಮ್ಮೆ ಒಂದೇ ವಾರದಂದು ಬರೆದಿಟ್ಟರೆ ಸಾಕು. ಸಾಮಾನ್ಯವಾಗಿ ರಾತ್ರಿ ಮೊದಲು ಒಣಗುತ್ತದೆ, ಆಮೇಲೆ ಬೆಳಗಿನ ಹೊತ್ತು, ಸಂಜೆ ಕೊನೆಗೆ. ಸಂಜೆ ಸೋರುವುದು ಸ್ನಾಯು ದಣಿದದ್ದರಿಂದ. ಸೋರುತ್ತದೆಂದು ನೀರು ಕಡಿಮೆ ಕುಡಿಯುವವರಿದ್ದಾರೆ. ಮೂತ್ರ ಗಾಢವಾಗಿ ಉರಿ, ಅವಸರ ಎರಡೂ ಹೆಚ್ಚುತ್ತವೆ. ಕಾಫಿ, ಟೀ ಕಡಿಮೆ ಮಾಡಿ, ನೀರನ್ನಲ್ಲ.

ಒಣಗುತ್ತಿದ್ದವರಿಗೆ ಮತ್ತೆ ಸೋರಿಕೆ ಶುರುವಾಗಿ ಧಾರೆಯೂ ತೆಳುವಾದರೆ ವ್ಯಾಯಾಮ ಹೆಚ್ಚಿಸಿ ಕೂರಬೇಡಿ. ಹೊಲಿಗೆಯ ಜಾಗ ಕಿರಿದಾಗಿ, ಮೂತ್ರಕೋಶ ತುಂಬಿ ಉಕ್ಕುತ್ತಿರಬಹುದು. ಸ್ಕ್ಯಾನ್‌ನಲ್ಲಿ ಉಳಿಕೆ ಮೂತ್ರ ನೋಡಿ, ಬೇಕಾದರೆ ದುರ್ಬೀನು ಹಾಕಿ ನೋಡಬೇಕು.

ಆರು ತಿಂಗಳಾದರೂ ಪ್ಯಾಡ್ ತೂಕ ಇಳಿಯುತ್ತಲೇ ಇಲ್ಲದಿದ್ದರೆ ಮುಂದಿನ ದಾರಿಯ ಮಾತು ಶುರುಮಾಡಬಹುದು, ವರ್ಷ ತುಂಬಿದ ಮೇಲೂ ಸುಮ್ಮನಿರಬಾರದು. ಹಗುರದಿಂದ ಮಧ್ಯಮ ಸೋರಿಕೆಗೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆ ಕೊಡುವ ಜಾಲರಿ ಪಟ್ಟಿ), ತೀವ್ರವಿದ್ದರೆ ಅಥವಾ ರೇಡಿಯೇಷನ್ ಆಗಿದ್ದರೆ ಕೃತಕ ಬಿಗಿಪಟ್ಟಿ. ಹೆಚ್ಚು ಬಳಕೆಯಲ್ಲಿರುವುದು ಎಎಂಎಸ್ 800: ಮೂತ್ರನಾಳದ ಸುತ್ತ ಪಟ್ಟಿ, ವೃಷಣ ಚೀಲದಲ್ಲಿ ಪಂಪ್, ಹೊಟ್ಟೆಯೊಳಗೆ ಒತ್ತಡದ ಬಲೂನು. ಹಾಕಿದ ಕೂಡಲೇ ಚಾಲೂ ಮಾಡುವುದಿಲ್ಲ, ಗಾಯ ಮಾಯಲು ಸುಮಾರು ಆರು ವಾರ ಬಿಡುತ್ತಾರೆ. ಇದನ್ನು ಹಾಕಿಸಿಕೊಂಡವರಿಗೆ ಮುಂದೆ ಯಾವ ಆಸ್ಪತ್ರೆಯಲ್ಲಾದರೂ ಕ್ಯಾಥೆಟರ್ ಹಾಕುವ ಮುನ್ನ ಪಟ್ಟಿಯನ್ನು ನಿಷ್ಕ್ರಿಯ ಮಾಡಲೇಬೇಕು, ಇಲ್ಲದಿದ್ದರೆ ಪಟ್ಟಿ ಮೂತ್ರನಾಳವನ್ನು ಕೊರೆದು ಒಳಬರಬಹುದು. ಗುರುತಿನ ಕಾರ್ಡು ಪರ್ಸಿನಲ್ಲೇ ಇರಲಿ.

---

ಅಂಕಿಅಂಶ

ಇಬ್ಬರಿಗೂ ಧನ್ಯವಾದ. ರೆಟ್ಜಿಯಸ್ ಜಾಗ (ಮೂತ್ರಕೋಶದ ಮುಂದಿನ ಜಾಗ) ಉಳಿಸುವ ವಿಧಾನದಲ್ಲಿ ಹಿಡಿತ ಬೇಗ ಬರುತ್ತದೆ ಅಂತಾರಲ್ಲ, ಅದು ನಿಜವೇ? ಬಲಗಡೆ ಗಡ್ಡೆ ಇದ್ದಾಗ ನರ ಉಳಿಸುವುದು ಎಷ್ಟು ಸುರಕ್ಷಿತ?

---

ಕನ್ಸೋಲ್‌ಬದಿ

ರೆಟ್ಜಿಯಸ್ ಉಳಿಸುವುದು ಅಂದರೆ ಮೂತ್ರಕೋಶವನ್ನು ಮುಂದಿನಿಂದ ಬಿಡಿಸದೆ, ಹಿಂದಿನಿಂದ ಪ್ರಾಸ್ಟೇಟ್ ತಲುಪುವುದು. ಮುಂದಿನ ಆಧಾರ ತಂತುಗಳು ಹಾಗೇ ಉಳಿಯುವುದರಿಂದ ಮೊದಲ ವಾರಗಳ ಹಿಡಿತ ಖಂಡಿತ ಚೆನ್ನಾಗಿರುತ್ತದೆ. ವರ್ಷ ತುಂಬುವ ಹೊತ್ತಿಗೆ ಅಂತರ ಬಹುತೇಕ ಕರಗುತ್ತದೆ. ಗಡ್ಡೆ ಮುಂಭಾಗದಲ್ಲಿದ್ದರೆ ಮಾರ್ಜಿನ್‌ನಲ್ಲಿ (ಕತ್ತರಿಸಿದ ಅಂಚಿನಲ್ಲಿ) ಕ್ಯಾನ್ಸರ್ ಉಳಿಯುವ ಭಯವಿದೆ. ನಿಮ್ಮ ಮಾದರಿಯಲ್ಲಿ ಅದು ಹಿಂಭಾಗದಲ್ಲಿದೆ, ಹಾಗಾಗಿ ಆ ಆಕ್ಷೇಪ ಇಲ್ಲಿ ಅಷ್ಟು ಹತ್ತುವುದಿಲ್ಲ. ಆದರೆ ಸರ್ಜನ್ ದಿನವೂ ಮಾಡುವ ವಿಧಾನವನ್ನು ಬಿಡಿಸಿ, ಅಪರೂಪಕ್ಕೆ ಮಾಡುವುದನ್ನು ರೋಗಿಯೇ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯ ವ್ಯಾಪಾರವಲ್ಲ.

ನರದ ವಿಷಯ. ನಿಮಿರುವಿಕೆಯ ನರಗಳು ಪ್ರಾಸ್ಟೇಟ್‌ನ ಹಿಂದೆ ಎರಡೂ ಪಕ್ಕಗಳಲ್ಲಿ, ಗಡಿಯಾರದ 5 ಮತ್ತು 7ರ ಜಾಗದಲ್ಲಿ ರಕ್ತನಾಳಗಳ ಜೊತೆ ಹೆಣೆದುಕೊಂಡು ಹೋಗುತ್ತವೆ. ಒಂದೇ ದಾರವಲ್ಲ, ಜಾಲ. ಕವಚಕ್ಕೆ ತಾಗಿದಂತೆ ಬಿಡಿಸಿದರೆ ಹೆಚ್ಚು ನರ ಉಳಿಯುತ್ತದೆ, ಆದರೆ ಕವಚ ದಾಟಿದ ಕ್ಯಾನ್ಸರ್ ಇದ್ದರೆ ಅದೂ ಉಳಿಯುತ್ತದೆ. ಹಾಗಾಗಿ ಉಳಿಸು-ಬಿಡು ಎಂಬ ಎರಡೇ ಆಯ್ಕೆಯಲ್ಲ. ಈ ಕೇಸಿನಲ್ಲಿ ಎಡಗಡೆ ಪೂರ್ತಿ ಉಳಿಸಿ, ಬಲಗಡೆ ಎಂಆರ್‌ಐಯಲ್ಲಿ ಗಡ್ಡೆ ಕವಚಕ್ಕೆ ಎಷ್ಟು ಅಗಲ ತಾಗಿದೆ ನೋಡಿಕೊಂಡು ಒಂದು ಪದರ ಹೊರಗೆ ಹೋಗುವುದು ವಾಡಿಕೆ. ಕೆಲವು ಕೇಂದ್ರಗಳಲ್ಲಿ ಪ್ರಾಸ್ಟೇಟ್ ಹೊರತೆಗೆದ ಕೂಡಲೇ ನರದ ಪಕ್ಕದ ಅಂಚನ್ನು ಹೆಪ್ಪುಗಟ್ಟಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ, ಕ್ಯಾನ್ಸರ್ ಕಂಡರೆ ಮಾತ್ರ ಆ ಕಡೆಯ ನರ ತೆಗೆಯುತ್ತಾರೆ. ಬ್ರಿಟನ್ನಿನ ನ್ಯೂರೋಸೇಫ್ ಪ್ರೂಫ್ ಪ್ರಯೋಗದ ಫಲಿತಾಂಶ 2025ರಲ್ಲಿ ಬಂದಿದೆ. ಈ ದಾರಿಯಲ್ಲಿ ಹೆಚ್ಚು ಜನರಿಗೆ ನರ ಉಳಿಸಲು ಸಾಧ್ಯವಾಗಿ, 12 ತಿಂಗಳ ನಿಮಿರುವಿಕೆ ಸುಧಾರಿಸಿತು. ಪ್ಯಾಥಾಲಜಿಸ್ಟ್ ಕಾದು ಕೂತಿರಬೇಕು, ಆಪರೇಷನ್ ಸಮಯವೂ ಹೆಚ್ಚುತ್ತದೆ, ಅದಕ್ಕೇ ಎಲ್ಲ ಕಡೆ ಇಲ್ಲ.

ನರ ಉಳಿದರೂ ಎಳೆತಕ್ಕೆ, ಶಾಖಕ್ಕೆ ಸಿಕ್ಕಿ ಮಂಕಾಗುತ್ತದೆ. ಚೇತರಿಕೆಗೆ 18ರಿಂದ 24 ತಿಂಗಳು ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆಪರೇಷನ್‌ಗೆ ಮುಂಚಿನ ಸ್ಥಿತಿಯನ್ನು ಐಐಇಎಫ್-5ರಲ್ಲಿ (ನಿಮಿರುವಿಕೆಯ ಐದು ಪ್ರಶ್ನೆಗಳ ಅಳತೆ) ಬರೆದಿಡಿ. 25ಕ್ಕೆ 22 ಅಥವಾ ಮೇಲೆ ಇದ್ದರೆ ಸಾಮಾನ್ಯ. ಈಗಲೇ 15 ಇರುವವರಿಗೆ ಯಾವ ಯಂತ್ರವೂ 22 ತಂದುಕೊಡದು.

---

ಮಾತ್ರೆ_ಡಬ್ಬಿ

ಮೇಲಿನದಕ್ಕೆ ಔಷಧದ ಕಡೆಯಿಂದ ಸೇರಿಸುತ್ತೇನೆ. “ದಿನವೂ ತಡಾಲಫಿಲ್ 5 ಮಿ.ಗ್ರಾಂ. ತಿಂದರೆ ನರ ಬೇಗ ಚೇತರಿಸಿಕೊಳ್ಳುತ್ತದೆ” ಎಂದು ಈ ನಿಮಿರುವಿಕೆಯ ಮಾತ್ರೆಯ ಬಗ್ಗೆ ಇರುವ ಮಾತನ್ನು ರೋಗಿಗಳು ಶಾಸನದಂತೆ ನಂಬಿದ್ದಾರೆ. ರಿಯಾಕ್ಟ್ ಎಂಬ ಯಾದೃಚ್ಛಿಕ ಪ್ರಯೋಗ ಇದನ್ನೇ ಪರೀಕ್ಷಿಸಿತು: ಒಂಬತ್ತು ತಿಂಗಳು ದಿನವೂ 5 ಮಿ.ಗ್ರಾಂ., ಅಥವಾ ಬೇಕಾದಾಗ 20 ಮಿ.ಗ್ರಾಂ., ಅಥವಾ ಹುಸಿಮಾತ್ರೆ. ತಿನ್ನುತ್ತಿರುವಾಗ ದಿನವೂ ತಿನ್ನುವವರಿಗೆ ಅನುಕೂಲವಾಯಿತು. ಆರು ವಾರ ನಿಲ್ಲಿಸಿ ನೋಡಿದಾಗ ಮಾತ್ರೆಯಿಲ್ಲದೆ ನಿಮಿರುವ ಶಕ್ತಿಯಲ್ಲಿ ಮೂರು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಶಿಶ್ನ ಗಿಡ್ಡವಾಗುವುದು ಮಾತ್ರ ದಿನವೂ ತಿಂದವರಲ್ಲಿ ಕಡಿಮೆಯಿತ್ತು. ಅಂದರೆ ಮಾತ್ರೆ ರಕ್ತದ ಹರಿವು ಕೊಟ್ಟು ಅಂಗಾಂಶವನ್ನು ಕಾಯುತ್ತದೆ, ನರವನ್ನು ಗುಣಪಡಿಸುವುದಿಲ್ಲ.

ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಈ ಗುಂಪಿನ ಯಾವ ಮಾತ್ರೆಯನ್ನೂ ಮುಟ್ಟುವಂತಿಲ್ಲ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಎರಡೂ ನರ ಹೋದವರಿಗೆ ಮಾತ್ರೆ ಬಹುತೇಕ ಕೆಲಸ ಮಾಡದು, ಯಾಕೆಂದರೆ ಅದಕ್ಕೆ ನರದಿಂದ ಬರುವ ನೈಟ್ರಿಕ್ ಆಕ್ಸೈಡ್ ಬೇಕು. ಅಂಥವರಿಗೆ ವ್ಯಾಕ್ಯೂಮ್ ಪಂಪ್ ಅಥವಾ ಶಿಶ್ನಕ್ಕೆ ನೇರ ಇಂಜೆಕ್ಷನ್. ಪಂಪ್‌ನ ಬುಡದ ರಬ್ಬರ್ ಉಂಗುರ 30 ನಿಮಿಷ ಮೀರಿ ಇರಬಾರದು. ಇಂಜೆಕ್ಷನ್‌ನ ಮೊದಲ ಡೋಸ್ ಕ್ಲಿನಿಕ್‌ನಲ್ಲೇ ಆಗಬೇಕು. ನಾಲ್ಕು ಗಂಟೆ ದಾಟಿಯೂ ಇಳಿಯದಿದ್ದರೆ ತುರ್ತು ವಿಭಾಗಕ್ಕೆ ಹೋಗಲೇಬೇಕು. ನಾಚಿಕೊಂಡು ಬೆಳಗಿನವರೆಗೆ ಕಾದವರಿಗೆ ಶಾಶ್ವತ ಹಾನಿಯಾಗುತ್ತದೆ.

ಒಪ್ಪಿಗೆ ಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಅಡಗುವ ಸಂಗತಿಗಳೂ ಇವೆ. ಸ್ಖಲನ ಇರುವುದಿಲ್ಲ, ಏಕೆಂದರೆ ವೀರ್ಯಕೋಶಗಳೂ ಹೋಗಿರುತ್ತವೆ. ಸುಖಾನುಭವ ಉಳಿಯುತ್ತದೆ. ಆ ಕ್ಷಣದಲ್ಲಿ ಕೆಲವರಿಗೆ ಮೂತ್ರ ಜಿನುಗುತ್ತದೆ, ಮೊದಲೇ ಮೂತ್ರ ಮಾಡಿ ಬಂದರೆ ಕಡಿಮೆ. ಮಕ್ಕಳು ಬೇಕೆನ್ನುವವರು ಆಪರೇಷನ್‌ಗೆ ಮೊದಲೇ ವೀರ್ಯ ಸಂಗ್ರಹಿಸಿಡಬೇಕು.

---

ಸ್ಲೈಡ್_ಮೇಜು

ಮೂರನೆಯ ಪ್ರಶ್ನೆಗೆ. ಮೊದಲು ಪ್ಯಾಥಾಲಜಿ ರಿಪೋರ್ಟ್ ಸರಿಯಾಗಿ ಓದಿಸಿಕೊಳ್ಳಿ. “ಮಾರ್ಜಿನ್ ಪಾಸಿಟಿವ್” ಅಂದರೆ ಶಾಯಿ ಬಳಿದ ಹೊರ ಅಂಚಿಗೆ ಕ್ಯಾನ್ಸರ್ ಕೋಶ ತಾಗಿದೆ ಅಂತ, ಒಳಗೆ ಉಳಿದೇ ಇದೆ ಅಂತಲ್ಲ. ಎಷ್ಟು ಮಿ.ಮೀ. ತಾಗಿದೆ, ತಾಗಿದ ಜಾಗದ ಗ್ಲೀಸನ್ ಎಷ್ಟು, ಯಾವ ಕಡೆ ಅನ್ನುವ ಮೂರೂ ರಿಪೋರ್ಟಿನಲ್ಲಿರಬೇಕು. ತುದಿಯಲ್ಲಿ 1 ಮಿ.ಮೀ. ಗ್ಲೀಸನ್ 3 ತಾಗಿರುವುದಕ್ಕೂ ಹಿಂದೆ 5 ಮಿ.ಮೀ. ಗ್ಲೀಸನ್ 4 ತಾಗಿರುವುದಕ್ಕೂ ಬಹಳ ಅಂತರ. ಪಿಟಿ2 ಅಂದರೆ ಒಳಗೇ ಇದೆ, ಪಿಟಿ3ಎ ಅಂದರೆ ಕವಚ ದಾಟಿದೆ, ಪಿಟಿ3ಬಿ ಅಂದರೆ ವೀರ್ಯಕೋಶ ಸೇರಿದೆ. ಬಯಾಪ್ಸಿಯಲ್ಲಿ 3+4 ಇದ್ದದ್ದು ಪೂರ್ತಿ ಗ್ರಂಥಿಯಲ್ಲಿ 4+3 ಆಗುವುದು ಅಪರೂಪವೇನಲ್ಲ, ಸೂಜಿ ನೋಡಿದ್ದು ಎಳೆಗಳನ್ನಷ್ಟೇ.

ಬ್ರಿಸ್ಬೇನ್‌ನಲ್ಲಿ ಮಾರ್ಜಿನ್ ಪಾಸಿಟಿವ್ ರೋಬೋಟ್‌ನಲ್ಲಿ ಶೇ. 15, ಓಪನ್‌ನಲ್ಲಿ ಶೇ. 10. ಎರಡು ವರ್ಷಕ್ಕೆ ಪಿಎಸ್‌ಎ ಮರಳಿದ್ದು ಮಾತ್ರ ತಿರುಗುಮುರುಗು, ರೋಬೋಟ್‌ನಲ್ಲಿ ಶೇ. 3, ಓಪನ್‌ನಲ್ಲಿ ಶೇ. 9. ಇದನ್ನು ರೋಬೋಟ್‌ನ ಗೆಲುವು ಅಂತ ಜಾಹೀರಾತಿಗೆ ಬಳಸುವವರಿದ್ದಾರೆ. ಆಪರೇಷನ್ ಆದ ಮೇಲಿನ ಚಿಕಿತ್ಸೆ ಎರಡೂ ಗುಂಪಿಗೆ ಒಂದೇ ನಿಯಮದಲ್ಲಿ ನಡೆದಿರಲಿಲ್ಲ, ಹಾಗಾಗಿ ಎಚ್ಚರದಿಂದ ಓದಿ ಅಂತ ಸ್ವತಃ ಲೇಖಕರೇ ಹೇಳಿದ್ದಾರೆ.

ಪಿಎಸ್‌ಎಯ ಅರ್ಧಾಯುಷ್ಯ ಎರಡರಿಂದ ಮೂರು ದಿನ. 8.2ರಿಂದ ಹೊರಟು ಹತ್ತು ಸಲ ಅರ್ಧವಾದರೆ 0.008. ಅಂದರೆ ಸುಮಾರು ಒಂದು ತಿಂಗಳಲ್ಲಿ ರಕ್ತ ಖಾಲಿಯಾಗಬೇಕು. ಆದರೂ ಮೊದಲ ಪರೀಕ್ಷೆ ಆರರಿಂದ ಎಂಟು ವಾರಕ್ಕೆ ಮಾಡಿಸುವುದು ಹಳೆಯ ಪಿಎಸ್‌ಎ ತೊಳೆದುಹೋಗಿರಲಿ ಅಂತ. ಎರಡನೇ ವಾರಕ್ಕೇ ಮಾಡಿಸಿ 0.3 ನೋಡಿ ನಿದ್ದೆ ಕೆಡಿಸಿಕೊಳ್ಳುವುದು ವ್ಯರ್ಥ. ಎಂಟು ವಾರಕ್ಕೆ 0.1ಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಅದು “ಉಳಿದ” ಪಿಎಸ್‌ಎ, ಬೇರೆ ದಾರಿ ಹಿಡಿಯಬೇಕು. ಸೊನ್ನೆಯಾಗಿ ಆಮೇಲೆ 0.2 ತಲುಪಿ, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಮರಳಿದೆ ಅಂತ ಲೆಕ್ಕ. ಒಂದೇ ಲ್ಯಾಬ್, ಒಂದೇ ಯಂತ್ರ ಇರಲಿ. 0.01ರಿಂದ 0.02 ಆಯಿತು ಅಂತ ಕೆಲವರು ಮೂರು ಲ್ಯಾಬ್ ಸುತ್ತುತ್ತಾರೆ, ಅದು ಅಳತೆಯ ತೊಯ್ದಾಟವಷ್ಟೇ ಇರಬಹುದು. ಸಾಲಾಗಿ ಮೂರು ಸಲ ಏರಿದರೆ ಮಾತ್ರ ಅರ್ಥವಿದೆ.

---

ಕಿರಣ_ಯೋಜಕ

ಏರಿದರೆ ಮುಂದೇನು ಅನ್ನುವುದನ್ನು ಸ್ಲೈಡ್_ಮೇಜು ಬಿಟ್ಟಿದ್ದಾರೆ. ಹಿಂದೆ ಮಾರ್ಜಿನ್ ಪಾಸಿಟಿವ್ ಬಂದ ತಕ್ಷಣ ರೇಡಿಯೇಷನ್ ಕೊಡುತ್ತಿದ್ದರು. 2020ರ ರ‍್ಯಾಡಿಕಲ್ಸ್ ಪ್ರಯೋಗದ ನಂತರ ಹೆಚ್ಚಿನವರಿಗೆ ಕಾಯುವುದೇ ಪದ್ಧತಿ. ಪಿಎಸ್‌ಎ 0.1 ದಾಟಿ ಏರುತ್ತಿದ್ದರೆ ಅಥವಾ ಸತತ ಮೂರು ಸಲ ಏರಿದರೆ ಆಗ ಶುರುಮಾಡಿದರೂ ಕ್ಯಾನ್ಸರ್ ನಿಯಂತ್ರಣದಲ್ಲಿ ನಷ್ಟ ಕಾಣಲಿಲ್ಲ, ತಕ್ಷಣ ಕೊಟ್ಟವರಲ್ಲಿ ಸೋರಿಕೆ ಹೆಚ್ಚಾಯಿತು. ಕಾಯುವುದು ಅಂದರೆ ಮರೆಯುವುದಲ್ಲ. 0.5 ದಾಟುವ ಮುನ್ನವೇ ಕೊಡಬೇಕು. ಪಿಎಸ್‌ಎಂಎ ಪೆಟ್‌ನಲ್ಲಿ (ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಸ್ಕ್ಯಾನ್) ಚುಕ್ಕೆ ಕಾಣಲಿ ಅಂತ ಕಾಯುವುದು ದೊಡ್ಡ ತಪ್ಪು, 0.2ರ ಕೆಳಗೆ ಬಹಳ ಸಲ ಏನೂ ಕಾಣುವುದಿಲ್ಲ.

ಇನ್ನೊಂದು ತಕರಾರು. ಇಡೀ ಚರ್ಚೆ ಓಪನ್ ಅಥವಾ ರೋಬೋಟ್ ಅಂತಲೇ ಸಾಗಿದೆ. ಗ್ರೇಡ್ ಗ್ರೂಪ್ 2ಕ್ಕೆ ರೇಡಿಯೇಷನ್ ಸಮಾನ ಆಯ್ಕೆ, ಕೆಲವರಿಗೆ ನಿಗಾ ಇಟ್ಟು ಕಾಯುವುದೂ ಆಯ್ಕೆಯೇ. ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗದ 15 ವರ್ಷದ ಫಲಿತಾಂಶ 2023ರಲ್ಲಿ ಬಂತು. 1,643 ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ನಿಗಾ ಗುಂಪಿನಲ್ಲಿ ಶೇ. 3.1, ಆಪರೇಷನ್‌ನಲ್ಲಿ ಶೇ. 2.2, ರೇಡಿಯೇಷನ್‌ನಲ್ಲಿ ಶೇ. 2.9. ಹರಡಿದ್ದು ನಿಗಾದಲ್ಲಿ ಶೇ. 9.4, ಉಳಿದೆರಡರಲ್ಲಿ ಶೇ. 5ರ ಹತ್ತಿರ. ಆರು ವರ್ಷಕ್ಕೆ ಪ್ಯಾಡ್ ಬಳಸುತ್ತಿದ್ದವರು ಆಪರೇಷನ್ ಗುಂಪಿನಲ್ಲಿ ಶೇ. 17, ರೇಡಿಯೇಷನ್‌ನಲ್ಲಿ ಶೇ. 4. ಮಲದ್ವಾರದ ತೊಂದರೆ ಮಾತ್ರ ರೇಡಿಯೇಷನ್‌ನಲ್ಲಿ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ.

---

ಕನ್ಸೋಲ್‌ಬದಿ

ಒಪ್ಪುತ್ತೇನೆ, ಎರಡು ತಿದ್ದುಪಡಿಯೊಂದಿಗೆ. ಪ್ರೊಟೆಕ್ಟ್‌ಗೆ ಸೇರಿದವರಲ್ಲಿ ಮುಕ್ಕಾಲು ಪಾಲು ಗ್ಲೀಸನ್ 6, ಅಂದರೆ ನಮ್ಮ ಮಾದರಿಗಿಂತ ಸೌಮ್ಯ. ಆ ಆಪರೇಷನ್‌ಗಳಲ್ಲಿ ಹೆಚ್ಚಿನವು ಓಪನ್. ಇನ್ನೊಂದು: ಆಪರೇಷನ್ ಆದ ಮೇಲೆ ರೇಡಿಯೇಷನ್ ಕೊಡುವುದು ಸುಲಭ, ರೇಡಿಯೇಷನ್ ಆದ ಮೇಲೆ ಆಪರೇಷನ್ ಮಾಡುವುದು ಕಷ್ಟ. ಅಂಗಾಂಶಗಳು ಅಂಟಿಕೊಂಡಿರುತ್ತವೆ, ಸೋರಿಕೆಯೂ ಗುದನಾಳಕ್ಕೆ ಪೆಟ್ಟಾಗುವ ಸಂಭವವೂ ಹೆಚ್ಚು.

---

ವಾರ್ಡ್_ಸಿಸ್ಟರ್

ಮನೆಗೆ ಹೋದ ಮೇಲೆ ಎಡವುವುದು ಸಣ್ಣ ವಿಷಯಗಳಲ್ಲಿ. ಕ್ಯಾಥೆಟರ್ ಸಾಮಾನ್ಯವಾಗಿ 7ರಿಂದ 10 ದಿನ. ಓಡಾಡಿದಾಗ ಮೂತ್ರ ಗುಲಾಬಿಯಾಗುವುದು, ಕ್ಯಾಥೆಟರ್ ಪಕ್ಕದಿಂದ ಜಿನುಗುವುದು ಎರಡೂ ಸಹಜ. ಎರಡು ಗಂಟೆಯಿಂದ ಚೀಲಕ್ಕೆ ಹನಿಯೂ ಬಂದಿಲ್ಲ, ಕಿಬ್ಬೊಟ್ಟೆ ಬಿಗಿದಿದೆ ಅಂದರೆ ರಕ್ತದ ಗಂಟು ಕಟ್ಟಿದೆ, ತಡಮಾಡದೆ ಬನ್ನಿ. ಕ್ಯಾಥೆಟರ್ ಕಳಚಿಬಿದ್ದರೆ ಹತ್ತಿರದ ಕ್ಲಿನಿಕ್‌ನಲ್ಲಿ ಮತ್ತೆ ತೂರಿಸಲು ಬಿಡಬೇಡಿ. ಹಸಿ ಹೊಲಿಗೆ ಕಿತ್ತುಹೋಗುತ್ತದೆ. ದುರ್ಬೀನಿನಲ್ಲಿ ನೋಡುತ್ತಾ ತಂತಿಯ ಮೇಲೆ ಹಾಕಬೇಕು. ಇದೇ ಕಾರಣಕ್ಕೆ ಎನಿಮಾ ಕೂಡ ಬೇಡ, ಗುದನಾಳದ ಗೋಡೆ ಪಕ್ಕದಲ್ಲೇ ಇದೆ. ಮಲ ಮೆದುವಾಗಿಸುವ ಸಿರಪ್ ಮೊದಲ ದಿನದಿಂದಲೇ ಇರಲಿ.

ಭುಜದ ತುದಿ ನೋಯುವುದು ಗ್ಯಾಸಿನಿಂದ, ಎರಡು-ಮೂರು ದಿನಕ್ಕೆ ಹೋಗುತ್ತದೆ. ವೃಷಣ ಚೀಲ ಊದಿ ಕಪ್ಪಾಗಿದ್ದರೆ ಒಳಚಡ್ಡಿ ಬಿಗಿಯಾಗಿರಲಿ, ಮಲಗುವಾಗ ಕೆಳಗೆ ಮಡಿಸಿದ ಟವೆಲ್ ಇಡಿ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಏದುಸಿರು ಬರುವುದು ಇವು ರಕ್ತ ಹೆಪ್ಪುಗಟ್ಟಿದ ಲಕ್ಷಣ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಬಹಳ ಕಡೆ 28 ದಿನ ಬರೆದಿರುತ್ತಾರೆ, ಮನೆಗೆ ಹೋದೆವೆಂದು ನಿಲ್ಲಿಸಬಾರದು. ದುಗ್ಧಗ್ರಂಥಿ ತೆಗೆದವರಿಗೆ ಕೆಲವು ವಾರಗಳ ನಂತರ ಜ್ವರ, ಕಾಲೂತ ಒಟ್ಟಿಗೆ ಬಂದರೆ ಒಳಗೆ ದುಗ್ಧರಸ ತುಂಬಿ ಸೋಂಕಾಗಿರಬಹುದು, ಸ್ಕ್ಯಾನ್ ಬೇಕು.

---

ಅಂಕಿಅಂಶ

ಬಹಳ ಉಪಯೋಗವಾಯಿತು. ಕೊನೆಯದು: ಗ್ಲಾಕೋಮಾ ಇದ್ದವರಿಗೆ, ಹರ್ನಿಯಾಗೆ ಜಾಲರಿ ಹಾಕಿಸಿಕೊಂಡವರಿಗೆ ರೋಬೋಟ್ ಆಗುವುದಿಲ್ಲವೇ?

---

ಕನ್ಸೋಲ್‌ಬದಿ

ಆಗುವುದಿಲ್ಲ ಅಂತಿಲ್ಲ, ಆದರೆ ಮೊದಲೇ ಹೇಳಬೇಕು. ರೋಬೋಟ್ ಆಪರೇಷನ್ ಪೂರ್ತಿ ತಲೆ 25-30 ಡಿಗ್ರಿ ಕೆಳಗಿಟ್ಟು ಮಾಡುವಂಥದ್ದು. ಗಂಟೆಗಟ್ಟಲೆ ಹಾಗಿದ್ದರೆ ಕಣ್ಣಿನ ಒತ್ತಡ ಏರುತ್ತದೆ, ಮುಖ ಊದುತ್ತದೆ. ಗ್ಲಾಕೋಮಾ ಇದ್ದರೆ ಕಣ್ಣಿನ ಡಾಕ್ಟರ ಒಪ್ಪಿಗೆ ತನ್ನಿ, ಅರಿವಳಿಕೆ ತಜ್ಞರಿಗೆ ತಿಳಿಸಿ. ಅವರು ಓರೆ ತಗ್ಗಿಸಬಹುದು, ಮಧ್ಯೆ ಸಮತಟ್ಟು ಮಾಡಬಹುದು, ಇಲ್ಲವೇ ಓಪನ್‌ಗೇ ಹೋಗೋಣ ಅನ್ನಬಹುದು. ಜಾಲರಿಯನ್ನು ಲ್ಯಾಪ್ರೋಸ್ಕೋಪಿಯಲ್ಲಿ ಒಳಗಿನಿಂದ ಹಾಕಿದ್ದರೆ ಮೂತ್ರಕೋಶದ ಮುಂದಿನ ಜಾಗ ಅಂಟಿಕೊಂಡಿರುತ್ತದೆ, ಬಿಡಿಸುವಾಗ ಮೂತ್ರಕೋಶ ತೂತಾಗಬಹುದು, ದುಗ್ಧಗ್ರಂಥಿ ತೆಗೆಯುವುದೂ ಕಷ್ಟ. ಹೊರಗಿನಿಂದ ತೊಡೆಸಂದಿನಲ್ಲಿ ಹಾಕಿದ್ದರೆ ಅಷ್ಟು ತೊಂದರೆಯಿಲ್ಲ. ಯಾವ ರೀತಿ ಹಾಕಿದ್ದು ಎಂಬುದು ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತದೆ, ಹುಡುಕಿ ತನ್ನಿ.